ಅಂದು ಕತ್ತಲಿರಲಿಲ್ಲ

ಎಸೆನ್‌ಕುಲ್ ತನ್ನ ಮದುವೆಯ ಕತೆಯನ್ನು ಪ್ರತಿ ಔತಣದಲ್ಲೂ ಹೇಳುತ್ತಿದ್ದ. ಬೇಯಿಸಿದ ಕುರಿತಲೆ ಹಿರಿಯರ ಮುಂದೆ ಬಂದು, ವೋಡ್ಕಾದ ಬಾಟಲಿ ಒಂದು ಸುತ್ತು ಮುಗಿಸುವ ಹೊತ್ತಿಗೆ ಯಾರಾದರೊಬ್ಬರು ಅವನನ್ನು ಕೆಣಕುತ್ತಿದ್ದರು: "ಆ ಕೆಂಪು ಕೋಟಿನ ವಿಷ್ಯ ಹೇಳಪ್ಪಾ, ಹೊಸ ಬೀಗರು ಕೇಳಿಲ್ಲ."

"ಏನ್ ಹೇಳ್ಲಿ? ನಾನು ಹೊತ್ಕೊಂಡು ಬರಬೇಕಾಗಿದ್ದು ಕನಿಶಾಯ್‌ನ. ಬಸ್ಸು ನಿಲ್ಲೋ ಜಾಗದಲ್ಲಿ ಅವಳ ಕೆಂಪು ಕೋಟು ಕಾಣಿಸ್ತು. ಕತ್ತಲೆ. ಗೆಳೆಯರ ಜೊತೆ ಸೇರಿ ಹಿಡಿದು ಲಾರಿಗೆ ಹಾಕ್ಕೊಂಡ್ವಿ. ಮನೆಗೆ ತಂದು ದೀಪದ ಕೆಳಗೆ ನೋಡಿದ್ರೆ, ಕೋಟು ಅವಳದೇ, ಒಳಗಿರೋಳು ಬೇರೆ! ಕತ್ತಲಲ್ಲಿ ಯಾರದೋ ಕುದುರೆಗೆ ತಡಿ ಹಾಕ್ಬಿಟ್ಟಿದ್ದೆ. ಆದ್ರೂ ಓಡ್ತು ನೋಡಿ, ಚೆನ್ನಾಗೇ ಓಡ್ತು!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬಾಗಿಲ ಬಳಿ ಕೂತು ಬಟ್ಟಲುಗಳಿಗೆ ಚಹಾ ಹಾಕುತ್ತಿದ್ದ ಅವನ ಹೆಂಡತಿ ಬುರುಲ್ಚಾ ಕೂಡ ತುಟಿ ಅಗಲಿಸುತ್ತಿದ್ದಳು. ಸೊಸೆಯಾದವಳು ನಗದಿದ್ದರೆ ಬಂದವರಿಗೆ ಅವಮಾನ.

ಹೆಣ್ಣನ್ನು ಎತ್ತಿ ತಂದು ಮದುವೆಯಾಗುವ ರೂಢಿಯಿದ್ದ, ಕಿರ್ಗಿಸ್ತಾನದ ಜುಮ್‌ಗಾಲ್ ಕಣಿವೆಯ ಆ ಹಳ್ಳಿಯಲ್ಲಿ ನಾನು ಹಲವು ವರ್ಷಗಳಿಂದ ಹಿರಿಯರ ಬದುಕಿನ ಮಾತುಗಳನ್ನು ಸಂಗ್ರಹಿಸುತ್ತಿದ್ದೇನೆ. ಬುರುಲ್ಚಾಳ ಹೆಸರು ನನಗೆ ಮೊದಲು ಕೇಳಿಬಂದದ್ದು ಸಾವಿನ ಮನೆಗಳಲ್ಲಿ. ಸತ್ತವರನ್ನು ಮಲಗಿಸಿದ ಉಣ್ಣೆಯ ಗೂಡಾರದಲ್ಲಿ, ಬಂದವರಿಗೆ ಬೆನ್ನು ಮಾಡಿ, ಗೋಡೆಯ ಕಡೆ ಮುಖವಿಟ್ಟು ಹಾಡಿ ಅಳುವುದರಲ್ಲಿ ಆಕೆಯನ್ನು ಮೀರಿಸಿದವರಿರಲಿಲ್ಲ. ಕುಡಿದು ಹಿಮದಲ್ಲಿ ಹೂತುಹೋದವನಿಗೂ ಆಕೆ ಮರ್ಯಾದೆಯ ಸಾಲುಗಳನ್ನು ಕಟ್ಟಿಕೊಡುತ್ತಿದ್ದಳು. ಈ ಹಾಡಿಗೆ ಒಂದು ಕಟ್ಟಳೆಯಿದೆ. ಅದು ನಡೆಯುವಾಗ ಯಾರೂ ತಡೆಯುವಂತಿಲ್ಲ. ಮಾವನಾಗಲಿ, ಮುಲ್ಲಾ ಆಗಲಿ, ಬಾಯಿ ಹಾಕುವಂತಿಲ್ಲ. ಹೊರಗಿನಿಂದ ಬಂದ ಹೆಣ್ಣೊಬ್ಬಳು ಗಂಡನ ಇಡೀ ಕುಲದೆದುರು ಮನಸ್ಸಿನಲ್ಲಿದ್ದುದನ್ನು ಹೇಳಿ ಮುಗಿಸಬಹುದಾದ ಸಂದರ್ಭ ಅದೊಂದೇ.

ಎಸೆನ್‌ಕುಲ್ ಮಾರ್ಚ್ ತಿಂಗಳಲ್ಲಿ, ಕುದುರೆಗಳನ್ನು ನೀರಿಗೆ ಬಿಟ್ಟು ಬಂದವನು, ಬೂಟು ಬಿಚ್ಚುತ್ತಲೇ ಸತ್ತ. ಒಳ್ಳೆಯವನೆಂದು ಹೆಸರಾಗಿದ್ದವನು. ಹೆಂಡತಿಯ ಮೇಲೆ ಕೈಮಾಡಿದವನಲ್ಲ. ಬೇಸಗೆಯಲ್ಲಿ ಮಂದೆಯೊಂದಿಗೆ ಮೇಲಿನ ಹುಲ್ಲುಗಾವಲಿಗೆ ಹೋದಾಗ ಆಕೆಗೆ ಸೊಂಟ ನೋವೆಂದು ತಾನೇ ಕುದುರೆಯ ಹಾಲು ಕರೆದವನು. ಅಂಥವನ ಮೇಲೆ ಯಾವ ದೂರನ್ನೂ ಯಾರೂ ನಂಬುವುದಿಲ್ಲ ಎಂಬುದು ಆಕೆಗೆ ತಿಳಿದಿತ್ತು. ಮಣ್ಣು ಮಾಡುವ ತನಕ ಬುರುಲ್ಚಾ ರೂಢಿಯಂತೆ ಅವನನ್ನು ಹೊಗಳಿಯೇ ಹಾಡಿದಳು. ಆಮೇಲೆ ವರ್ಷವಿಡೀ ಕಪ್ಪು ಉಟ್ಟಳು. ವರ್ಷಾಂತಿಕದ ಔತಣದ ಬೆಳಿಗ್ಗೆ ವಿಧವೆ ಕೊನೆಯ ಸಲ ಹಾಡಿ ಅಳುತ್ತಾಳೆ. ಬಳಿಕ ಕಪ್ಪು ಕಳಚಿ ಬಿಳಿ ಉಡಿಸುತ್ತಾರೆ. ಆ ಗಂಡನಿಗಾಗಿ ಆಕೆ ಮತ್ತೆಂದೂ ಬಾಯಿ ತೆರೆಯುವಂತಿಲ್ಲ.

ಔತಣದ ಹಿಂದಿನ ದಿನ ಮನೆಯಲ್ಲಿ ಎಣ್ಣೆ ಕಾಯುತ್ತಿತ್ತು. ಬುರುಲ್ಚಾ, ಮದುವೆಯಾಗಿ ಪಕ್ಕದ ಊರಿನಲ್ಲಿರುವ ಮಗಳು ಜಿಪಾರ್, ಸತ್ತವನ ಅಕ್ಕ ಉಮ್ಸುನ್, ಮೂವರೂ ಸೇರಿ ಬೋರ್ಸೋಕ್ ಎಂಬ ಹಿಟ್ಟಿನ ತಿಂಡಿ ಕರಿಯುತ್ತಿದ್ದರು.

"ಇಷ್ಟು ದಪ್ಪ ಲಟ್ಟಿಸಿದ್ರೆ ಇದು ಬೋರ್ಸೋಕ್ ಆಗಲ್ಲ ಕಣೇ, ಕುದುರೆ ಲಾಳ ಆಗುತ್ತೆ," ಎಂದಳು ಉಮ್ಸುನ್. "ನಿನ್ನತ್ತೆ ಏನೂ ಹೇಳಿಕೊಟ್ಟಿಲ್ವಾ?"

"ನಿಮ್ಮ ಹಲ್ಲು ಗಟ್ಟಿ ಇದೆಯಲ್ಲ, ನಿಮಗೇ ಅಂತ ಮಾಡ್ತಿದ್ದೀನಿ," ಎಂದಳು ಜಿಪಾರ್.

ಉಮ್ಸುನ್ ನಗುತ್ತ ಸೌದೆ ತರಲು ಹೊರಗೆ ಹೋದಳು. ಆಗ ಬುರುಲ್ಚಾ, ಬಾಣಲೆಯಿಂದ ಕಣ್ಣು ಕೀಳದೆ, ನಾಳೆ ತಾನು ಏನು ಹಾಡಲಿದ್ದೇನೆಂದು ಮಗಳಿಗೆ ಹೇಳಿದಳು. ಆ ಮಾತುಗಳನ್ನು ನನಗೆ ತಿಳಿಸಿದವಳು ಜಿಪಾರ್.

"ಅವತ್ತು ಕತ್ತಲಿರ್ಲಿಲ್ಲ. ನರ್ಸ್ ಕಲಿಯೋಕೆ ಪಟ್ಟಣಕ್ಕೆ ಹೊರಟಿದ್ದೆ, ನನ್ನ ಹತ್ರ ಒಳ್ಳೇ ಕೋಟಿಲ್ಲ ಅಂತ ಕನಿಶಾಯ್ ತಂದು ಕೊಟ್ಟಿದ್ಲು. ಸೇತುವೆ ದಾಟಿದ ಮೇಲೆ ನಾನು ಮುಖಕ್ಕೆ ಸುತ್ತಿದ್ದ ಶಾಲು ತೆಗೆದು ತೋರಿಸ್ದೆ. ಕೋಟು ನಂದಲ್ಲ, ನಾನು ಅವಳಲ್ಲ ಅಂದೆ. ನಿಮ್ಮಪ್ಪ ಲಾರಿ ನಿಲ್ಸಿ ನನ್ನ ನೋಡ್ದ. ಬಿಸಿಲು ನನ್ನ ಮುಖದ ಮೇಲೇ ಇತ್ತು. ಗೆಳೆಯರು 'ಬಿಟ್ಬಿಡೋಣ್ವಾ' ಅಂತ ಕೇಳಿದ್ರು. 'ಮನೇಲಿ ಕುರಿ ಕಡಿದಾಗಿದೆ, ಬರಿಗೈಲಿ ಹೋದ್ರೆ ನಗ್ತಾರೆ' ಅಂದ. ಮತ್ತೆ ಲಾರಿ ಓಡಿಸ್ದ."

"ಅಮ್ಮಾ, ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಯಾರಿಗೆ ಹೇಳ್ಲಿ? ನಮ್ಮಪ್ಪ ಬಂದ, ಚಹಾ ಕುಡಿದ, ಕೊಟ್ಟ ಕುದುರೆ ಹಿಡ್ಕೊಂಡು ಹೋದ. ಅತ್ತೆ ಹೊಸ್ತಿಲ ಮೇಲೆ ಅಡ್ಡ ಮಲಗಿದ್ರು, ದಾಟಿದ್ರೆ ಶಾಪ ಅಂತ. ನಿಮ್ಮಪ್ಪನ ಮೇಲೆ ಸಿಟ್ಟಿಲ್ಲ ಕಣೇ. ಕತ್ತಲೆ ಅನ್ನೋ ಮಾತೊಂದು ಸುಳ್ಳು. ಅದೊಂದನ್ನ ಅವರ ಕುಲದ ಮುಂದೆ ಹೇಳಿ ಮುಗಿಸ್ತೀನಿ, ಅಷ್ಟೇ."

ಜಿಪಾರ್ ತಾಯಿಯ ಕೈಯಿಂದ ಜಾಲರಿ ಸೌಟು ಕಿತ್ತುಕೊಂಡಳು. "ನಾಳೆ ನನ್ನ ಅತ್ತೆಮನೆಯವರೆಲ್ಲ ಬಂದು ಅದೇ ಗೂಡಾರದಲ್ಲಿ ಕೂತ್ಕೋತಾರೆ. ನಿನಗೆ ಹೇಳಿ ಮುಗಿಯುತ್ತೆ, ನನಗೆ ಅಲ್ಲಿಂದ ಶುರುವಾಗುತ್ತೆ. ಅಪ್ಪ ಗೊತ್ತಿದ್ದೂ ತಪ್ಪು ಹೆಣ್ಣನ್ನ ತಂದ ಅಂದ್ರೆ, ನಾನು ಯಾರು? ನನ್ನ ತಮ್ಮ ಯಾರು? ಕುರಿ ದಂಡ ಆಗ್ಬಾರ್ದು ಅಂತ ಹುಟ್ಟಿದ ಮಕ್ಳಾ?"

ಬುರುಲ್ಚಾ ಬಾಣಲೆಯತ್ತ ಬಗ್ಗಿದಳು. "ಎಣ್ಣೆ ಹೊಗೆ ಬರ್ತಿದೆ, ಒಲೆ ತಗ್ಗಿಸು," ಎಂದಳಂತೆ.

ಮರುದಿನ ಅಂಗಳದ ಗೂಡಾರದಲ್ಲಿ ಹೆಂಗಸರು ಕಿಕ್ಕಿರಿದಿದ್ದರು. ಹೊರಗೆ ಗಂಡಸರು ಕುದುರೆಯ ಮಾಂಸ ಬೇಯುವ ಕಡಾಯಿಗಳ ಸುತ್ತ ನಿಂತಿದ್ದರು. ಬುರುಲ್ಚಾ ಗೋಡೆಗೆ ಮುಖಮಾಡಿ, ಎರಡೂ ಕೈಗಳನ್ನು ಸೊಂಟಕ್ಕಿಟ್ಟು ಕೂತಳು. ಆಕೆಯ ಒಂದು ಪಕ್ಕದಲ್ಲಿ ಉಮ್ಸುನ್, ಇನ್ನೊಂದು ಪಕ್ಕದಲ್ಲಿ ಜಿಪಾರ್. ಹಾಡು ಎಂದಿನಂತೆ ಆರಂಭವಾಯಿತು. ಗೂಟದಲ್ಲಿ ನಿಂತ ಕುದುರೆ ಒಡೆಯನಿಗಾಗಿ ಕಿವಿ ನಿಮಿರಿಸುವುದು, ಮೇಲಿನ ಹುಲ್ಲುಗಾವಲಿನಲ್ಲಿ ಅವನ ಒಲೆಕಲ್ಲುಗಳು ತಣ್ಣಗಾಗಿರುವುದು. ಹೆಂಗಸರು ಕಣ್ಣೊರೆಸಿಕೊಂಡರು. ಆಮೇಲೆ ಆಕೆಯ ದನಿ ಕೆಳಗಿಳಿಯಿತು.

"ಸೇತುವೆ ದಾಟಿದ ದಾರಿಯಲಿ ಮರದ ನೆರಳು ಉದ್ದವಿತ್ತು,
ಬೆಟ್ಟದ ಮೇಲಿನ ಸೂರ್ಯ ನನ್ನ ಮುಖದ ಮೇಲೆ ಬಿದ್ದಿತ್ತು,
ಗಾಡಿ ನಿಲ್ಲಿಸಿ ನೋಡಿದವನೇ, ನೋಡಿ ನೀನು..."

"ಅಪ್ಪಾ! ನನ್ನ ಅಪ್ಪಾ!" ಎಂದು ಜಿಪಾರ್ ಎತ್ತರದ ದನಿಯಲ್ಲಿ ಹಾಡು ಹಿಡಿದಳು.

ಹಾಡನ್ನು ತಡೆಯುವಂತಿಲ್ಲ ಎಂಬುದೇ ಕಟ್ಟಳೆ. ಅದರ ಜೊತೆಗೆ ಇನ್ನೊಬ್ಬಳು ಹಾಡಬಾರದೆಂದು ಯಾವ ಕಟ್ಟಳೆಯೂ ಇಲ್ಲ. ಮಗಳು ತಂದೆಗಾಗಿ ಹಾಡುವುದಂತೂ ಅವಳ ಹಕ್ಕು. ಬೆಟ್ಟದ ಬೆನ್ನಿಗೆ ಬೆನ್ನು ಕೊಟ್ಟವನೇ, ಹಿಮದ ದಾರಿಯಲಿ ದಾರಿಯಾದವನೇ ಎಂದು ಅವಳು ಏರುತ್ತ ಹೋದಳು. ಅವೆಲ್ಲ ಬುರುಲ್ಚಾ ಬೇರೆ ಬೇರೆ ಮನೆಗಳ ಗಂಡಸರಿಗಾಗಿ ಕಟ್ಟಿದ್ದ ಸಾಲುಗಳು; ಮಗಳನ್ನು ಚಿಕ್ಕಂದಿನಿಂದ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ ಸಾಲುಗಳು. ಎಳೆಯ ಗಂಟಲು ಹಳೆಯದನ್ನು ಮುಚ್ಚಿತು. ಉಳಿದ ಹೆಂಗಸರ ಅಳು ಅದಕ್ಕೆ ಸೇರಿತು. ಬುರುಲ್ಚಾ ನಿಲ್ಲಿಸಲಿಲ್ಲ. ತಲೆ ಅಲ್ಲಾಡಿಸುತ್ತ, ತುಟಿ ಆಡಿಸುತ್ತ, ಕೊನೆಯ ಸಾಲಿನವರೆಗೂ ಹಾಡಿದಳು. ಬಾಗಿಲ ಬಳಿಯಿದ್ದ ನನಗೆ ಒಂದಕ್ಷರವೂ ದಕ್ಕಲಿಲ್ಲ.

ಹೊರಗೆ ಹಿರಿಯನೊಬ್ಬ ಕಣ್ಣೊರೆಸಿಕೊಳ್ಳುತ್ತ ಹೇಳಿದ: "ತಾಯಿ ಮಗಳು ಜೋಡಿಯಾಗಿ ಹಾಡಿದ್ದನ್ನ ನಾನು ಈ ಕಣಿವೆಯಲ್ಲಿ ಕೇಳೇ ಇರ್ಲಿಲ್ಲ. ಎಸೆನ್‌ಕುಲ್ ಪುಣ್ಯವಂತ."

ಉಮ್ಸುನ್ ಕಪ್ಪು ಬಟ್ಟೆ ಕಳಚಿ ಬುರುಲ್ಚಾಳಿಗೆ ಬಿಳಿಯ ರುಮಾಲು ಕಟ್ಟಿದಳು. ಕೆಲವು ದಿನಗಳ ನಂತರ, ನಿಮಗೇನಾದರೂ ಕೇಳಿಸಿತೇ ಎಂದು ಉಮ್ಸುನ್‌ಳನ್ನು ವಿಚಾರಿಸಿದೆ.

"ನಂಗೇನೂ ಕೇಳಿಸ್ಲಿಲ್ಲ," ಎಂದಳು ಅವಳು. ಆಮೇಲೆ ತಾನೇ ಸೇರಿಸಿದಳು: "ಕೇಳಿಸಿದ್ರೂ ಏನಂತೆ? ಅವಳ ಮುಖದ ಮೇಲೆ ಸಂಜೆ ಬಿಸಿಲು. ನನ್ನ ಎಳ್ಕೊಂಡು ಹೋದಾಗ ಮಟಮಟ ಮಧ್ಯಾಹ್ನ. ನಾನೇನು ಹಾಡು ಕಟ್ಟಿದ್ನಾ?"

ಜಿಪಾರ್ ನನ್ನೆದುರು ಅತ್ತಳು. ಔತಣದ ಸಂಜೆ ಬಟ್ಟಲು ತೊಳೆಯುವಾಗ ತಾಯಿ ಅವಳೊಂದಿಗೆ ಆಡಿದ್ದು ಒಂದೇ ಮಾತಂತೆ: "ಮೂರನೇ ಸಾಲಲ್ಲಿ ನಿನ್ನ ಉಸಿರು ಒಡೀತು. ಮೊದಲೇ ಎಳ್ಕೊಂಡಿರ್ಬೇಕು." "ಬೈದಿದ್ರೆ ಚೆನ್ನಾಗಿರ್ತಿತ್ತು," ಎಂದಳು ಜಿಪಾರ್. "ಎರಡೇಟು ಹಾಕಿದ್ರೂ ಚೆನ್ನಾಗಿರ್ತಿತ್ತು."

ಈಗ ಊರಿನಲ್ಲಿ ಯಾರಾದರೂ ಸತ್ತರೆ ಜಿಪಾರ್‌ಳಿಗೆ ಕರೆ ಹೋಗುತ್ತದೆ. ಬುರುಲ್ಚಾ ಗಂಟಲು ಕೆಟ್ಟಿದೆ ಎನ್ನುತ್ತಾಳೆ. ಆ ದಿನ ಮುಚ್ಚಿಹೋದ ಸಾಲುಗಳನ್ನು ನನ್ನೆದುರಾದರೂ ಹಾಡಬಹುದೇ ಎಂದು ಒಮ್ಮೆ ಕೇಳಿದೆ. ಆಕೆ ಒಗೆದ ಉಣ್ಣೆಯನ್ನು ಬಿಡಿಸುತ್ತ ಕೂತಿದ್ದಳು.

"ಸತ್ತವರಿಲ್ಲದ ಮನೇಲಿ ಹಾಡಿದ್ರೆ ಸಾವನ್ನ ಕರೆದ ಹಾಗೆ," ಎಂದಳು. "ಹಾಡದೆ ಬರೀ ಮಾತಲ್ಲಿ ಹೇಳಿದ್ರೆ ಅದೊಂದು ಮುದುಕಿಯ ದೂರು. ದೂರು ಯಾವ ಮನೇಲಿಲ್ಲ?"

ಹಾಗಾದರೆ ಅದು ನಿಮ್ಮೊಂದಿಗೇ ಹೋಗುತ್ತದಲ್ಲ ಎಂದೆ.

"ಹೋಗ್ಲಿ. ನಾನು ಸತ್ತಾಗ ಹಾಡೋಳು ಜಿಪಾರೇ," ಎಂದು ಆಕೆ ಉಣ್ಣೆಯಲ್ಲಿ ಸಿಕ್ಕ ಮುಳ್ಳೊಂದನ್ನು ಕಿತ್ತು ಒಲೆಗೆ ಎಸೆದಳು. "ನಮ್ಮಮ್ಮ ಗಂಡನ ಮನೆಗೆ ನಗುನಗ್ತಾ ಬಂದ್ಲು ಅಂತಾಳೆ. ಚೆನ್ನಾಗೇ ಹಾಡ್ತಾಳೆ, ನೋಡ್ತಿರು."