ದೊಡ್ಡಯ್ಯ ಕಡಿಯದೆ ಹೋದ ಅಂಜೂರ

ಹೋದ ಭಾನುವಾರ ಹಿತ್ತಿಲಿನ ಅಂಜೂರದ ಕೊಂಬೆಗೆ ಗರಗಸ ಹಾಕಿದಾಗ ಬಿಳಿ ಹಾಲು ಜಿನುಗಿ ಮುಂಗೈ ಮೇಲೆ ಇಳಿಯಿತು. ಹಸಿ ಕೊಬ್ಬರಿಯಂಥ ಅದರ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ದೊಡ್ಡಯ್ಯ ನೆನಪಾದರು. ಆಮೇಲೆ ತುರಿಕೆ ಶುರುವಾಯಿತು. ತುಂಬುತೋಳಿನ ಅಂಗಿ ತೊಡದೆ ಅವರು ಈ ಗಿಡದ ಹತ್ತಿರ ಬಂದವರೇ ಅಲ್ಲ. ನನಗೆ ಆ ಬುದ್ಧಿ ಇರಲಿಲ್ಲ.

ನಮ್ಮ ಗಂಜಾಂ ಒಂದು ಕಾಲಕ್ಕೆ ಅಂಜೂರಕ್ಕೆ ಹೆಸರಾದ ಊರು. ದೊಡ್ಡಯ್ಯ ಕೆ.ಆರ್.ಎಸ್.ನಲ್ಲಿ ಮಾಲಿಯಾಗಿದ್ದು ನಿವೃತ್ತರಾದವರು. ರಕ್ತಸಂಬಂಧವೇನೂ ಇರಲಿಲ್ಲ, ದೊಡ್ಡಯ್ಯ ಎಂದು ಕರೆದು ರೂಢಿ ಅಷ್ಟೆ. ತಮ್ಮ ಅಪ್ಪನ ಕಾಲದ ಗಿಡದಿಂದ ಒಂದು ಕಡ್ಡಿ ಕತ್ತರಿಸಿ ನಮ್ಮ ಯಜಮಾನರ ಕೈಯಲ್ಲಿ ನೆಡಿಸಿದ್ದರು. ಮುಂದೆ ಅವರ ಮಗ ಮನೆಯ ಹಿಂದೆ ಎರಡು ರೂಮು ಕಟ್ಟಿಸಿದಾಗ ಆ ತಾಯಿಗಿಡ ಹೋಯಿತು. ಉಳಿದದ್ದು ನಮ್ಮದೊಂದೇ.

ಮಳೆಗಾಲ ಮುಗಿದರೆ ಸಾಕು, ಹೇಳದೆ ಕೇಳದೆ ಹಿತ್ತಿಲ ಬಾಗಿಲಿನಿಂದ ಬಂದುಬಿಡುತ್ತಿದ್ದರು. ಹಣ್ಣು ಕೊಟ್ಟು ದಣಿದ ಕೊಂಬೆ, ಒಂದಕ್ಕೊಂದು ಹೆಣೆದುಕೊಂಡ ಕೊಂಬೆ, ಬುಡದಲ್ಲಿ ಎದ್ದ ಬೇಡದ ಚಿಗುರು, ಎಲ್ಲ ನೆಲಕ್ಕೆ. ಎದೆಯೆತ್ತರದ ಐದಾರು ಬೋಳು ಕೋಲು ಮಾತ್ರ ಉಳಿಯುತ್ತಿದ್ದವು. ಕಡೆಗೆ ಚಾಕು ತೆಗೆದು, ಚಿಗುರೊಡೆಯಬೇಕಾದ ಕಣ್ಣಿನ ಮೇಲ್ಗಡೆ ಒಂದು ಸಣ್ಣ ಗೀರು ಹಾಕುವರು. "ಮಲ್ಗಿರೋದ್ನ ಎಬ್ಬಿಸ್ಬೇಕು ಕಣವ್ವ" ಎನ್ನುವರು. ಆ ಬೋಳು ನೋಡಿ ಪ್ರತಿ ವರ್ಷವೂ ನನಗೆ ಹೊಟ್ಟೆ ಉರಿಯುತ್ತಿತ್ತು. ಬೇಸಿಗೆಯಲ್ಲಿ ಕೈಗೆಟುಕುವ ಹಾಗೆ ಹಣ್ಣು ತೂಗಿದಾಗ ಮಾತ್ರ ಬಾಯಿ ಮುಚ್ಚುತ್ತಿದ್ದೆ.

ಯಜಮಾನರು ತೀರಿಕೊಂಡ ವರ್ಷವೂ ಬಂದರು. ಇನ್ನೂ ತಿಂಗಳು ತುಂಬಿರಲಿಲ್ಲ. ಅವರು ಮಚ್ಚು ಎತ್ತುವ ಮೊದಲೇ ನಾನು ಹೊರಗೆ ಬಂದೆ.

"ಅವ್ರು ನೆಟ್ಟಿದ್ದು ದೊಡ್ಡಯ್ಯ, ಕಡೀಬೇಡಿ. ಇನ್ಮೇಲೆ ಈ ಕಡೆ ಬರ್ಲೂಬೇಡಿ."

ಎರಡನೆಯ ಮಾತು ಬೇಕಿರಲಿಲ್ಲ... ಅವರು ನನ್ನ ಮುಖ ನೋಡಿ, "ಆಗ್ಲಿ ಕಣವ್ವ" ಎಂದು, ಮಚ್ಚನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹೋದರು. ಆಮೇಲೆಯೂ ಬೀದಿಯಲ್ಲಿ ಕಂಡರೆ ಮಾತಾಡುತ್ತಿದ್ದೆವು. ಗಿಡದ ಸುದ್ದಿ ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹಿತ್ತಿಲ ಬಾಗಿಲಿನ ಚಿಲಕಕ್ಕೆ ತುಕ್ಕು ಹಿಡಿಯಿತು.

ಮೂರು ವರ್ಷದಲ್ಲಿ ಗಿಡ ತಾರಸಿ ದಾಟಿತು. ಆ ಬೇಸಿಗೆಯಲ್ಲೇ ದೊಡ್ಡಯ್ಯ ಹಾಸಿಗೆ ಹಿಡಿದರು. ಒಂದು ಬೆಳಿಗ್ಗೆ ಅವರ ಸೊಸೆ ಕಾಂಪೌಂಡಿನ ಆಚೆಯಿಂದ ಕೂಗಿದಳು: "ಅಕ್ಕಾ, ಮಾವ ಏನೂ ತಿಂತಿಲ್ಲ. ಅಂಜೂರ ಬೇಕು ಅಂತಾವ್ರೆ. ಒಂದೇ ಒಂದಿದ್ರೂ ಕೊಡಿ."

ಏಣಿ ಹತ್ತಿ ನೋಡಿದೆ. ತುದಿಯಲ್ಲಿ ಹಕ್ಕಿ ತಿಂದು ಬಿಟ್ಟ ಸಿಪ್ಪೆ, ಎಲೆಗಳ ಒಳಗೆ ಗೋಲಿಯಷ್ಟು ಗಟ್ಟಿ ಕಾಯಿ. ಅಷ್ಟು ದೊಡ್ಡ ಗಿಡದಲ್ಲಿ ಕೊಡುವಂಥ ಒಂದು ಹಣ್ಣಿರಲಿಲ್ಲ. ಮೈಸೂರಿನ ಬಸ್ಸು ಹತ್ತಿ ಹೋಗಿ, ಡಬ್ಬಿಯಲ್ಲಿಟ್ಟು ಮಾರುವ ಹಣ್ಣು ತಂದು, ಬಿಡಿಸಿ ಅವರ ಬಾಯಿಗಿಟ್ಟೆ. ನಿಧಾನವಾಗಿ ಚಪ್ಪರಿಸಿದರು.

"ನಮ್ ಗಿಡದ್ದಲ್ಲ ಇದು."

ನಮ್ಮದರಲ್ಲಿ ಒಂದೂ ಹಣ್ಣಿಲ್ಲ ಎಂದೆ.

"ಇರ್ಲಿ ಬುಡವ್ವ" ಎಂದರು. "ಕಡೀದಿದ್ರೆ ಅದಾದ್ರೂ ಎಲ್ಲಿಂದ ಕೊಟ್ಟಾತು..."

ಮಳೆಗಾಲ ಕಳೆಯಲಿ, ನೀವು ಕೂತು ತೋರಿಸಿ, ನಾನೇ ಕಡಿಯುತ್ತೇನೆ ಎನ್ನಬೇಕೆಂದುಕೊಂಡೆ. ನಾಲಿಗೆ ಏಳಲಿಲ್ಲ. ಆ ಮಳೆಗಾಲ ಕಳೆಯುವುದರೊಳಗೆ ಅವರು ಹೋಗಿಬಿಟ್ಟರು.

ಆಮೇಲೆ ಎರಡು ವರ್ಷ ನಾನು ಗಿಡದ ಕಡೆ ನೋಡಲಿಲ್ಲ. ಯಾರ ಮೇಲಿನ ದುಃಖಕ್ಕೆ ಅದನ್ನು ಹಾಗೆ ಬಿಟ್ಟಿದ್ದೇನೆ ಎಂಬುದೂ ಕಲಸಿಹೋಗಿತ್ತು. ಈಗ ಸಾಕಾಯಿತು, ದುಃಖಪಡುವುದಕ್ಕೂ ಮೈಯಲ್ಲಿ ಕಸುವು ಬೇಕು. ಅಂತೂ ಭಾನುವಾರ ಬೆಳಗಿನಿಂದ ಕಡಿದೆ. ಸೊಂಟ ಬಿದ್ದುಹೋಯಿತು. ನಡುವೆ ಒಂದು ಮುದಿ ಕೊಂಬೆಯ ಮೇಲೆ ಹಳೆಯ ಗೀರು ಕಂಡಿತು, ಮಾಯ್ದು ದಪ್ಪಗಾಗಿತ್ತು. ದೊಡ್ಡಯ್ಯನ ಚಾಕು. ಅವರ ಕೈ ಗುರುತು ಈ ಮನೆಯಲ್ಲಿ ಉಳಿದಿರುವುದು ಅದೊಂದೇ. ಗರಗಸ ಕೆಳಗಿಟ್ಟು ಸ್ವಲ್ಪ ಹೊತ್ತು ಕೂತೆ... ಅವರಿದ್ದಿದ್ದರೆ ಮೊದಲು ಆ ಮುದಿ ಕೊಂಬೆಯನ್ನೇ ತೆಗೆಯುತ್ತಿದ್ದರು.

ಎದ್ದು ಕಡಿದೆ.

ಈಗ ಹಿತ್ತಿಲಲ್ಲಿ ಐದು ಬೋಳು ಕೋಲು ನಿಂತಿವೆ. ಮುಂಗೈ ಇನ್ನೂ ತುರಿಸುತ್ತಿದೆ. ಬೇಸಿಗೆಗೆ ಹಣ್ಣು ಬಿಟ್ಟೀತು. ಕೊಡೋಣವೆಂದರೆ ಅದನ್ನು ಕೇಳಿದವರು ಈಗಿಲ್ಲ.