ಎಡಬದಿಯ ಆರು ಬೋಲ್ಟು

ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು ಬರುತ್ತಿತ್ತು. ಹದಿನಾಲ್ಕು ವರ್ಷ ಕುವೈತಿನಲ್ಲಿ ಮೆಕ್ಯಾನಿಕ್ ಆಗಿ ದುಡಿದವನು ನಾನು. ಇಂಜಿನ್ ನಿಂತಿತು ಎಂದರೆ ಅದಕ್ಕೆ ಪೆಟ್ರೋಲ್ ಸಿಗಲಿಲ್ಲ, ಗಾಳಿ ಸಿಗಲಿಲ್ಲ, ಇಲ್ಲವೇ ಕಿಡಿ ಹಾರಲಿಲ್ಲ. ನಾಲ್ಕನೆಯ ಕಾರಣ ಇಲ್ಲ. ಇದನ್ನು ನನಗೆ ಕಲಿಸಿದವನು ನನ್ನ ಅಣ್ಣ ಲಾರೆನ್ಸ್. ಅವನು ತೀರಿಕೊಂಡು ಮೂರು ವಾರಕ್ಕೆ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ.

ಶುವೈಖ್‌ನಲ್ಲಿ ನಮ್ಮ ಗ್ಯಾರೇಜ್ ಇತ್ತು. ನಮ್ಮದು ಎನ್ನುವುದು ಬಾಯಿಮಾತು, ಪರವಾನಗಿ ಇದ್ದದ್ದು ನಮ್ಮ ವೀಸಾ ಕೊಟ್ಟ ಅರಬ ಧಣಿ, ಕಫೀಲ್ ಅಬು ಫಹದ್ ಹೆಸರಿನಲ್ಲಿ. ಅಣ್ಣ ಅಲ್ಲಿ ಮುಖ್ಯ, ನಾನು ಅವನ ಕೈಕೆಳಗೆ. ಪಕ್ಕದ ಶೆಡ್ಡಿನಲ್ಲಿ ಬಂಟ್ವಾಳ ಕಡೆಯ ಬ್ಯಾರಿ ಇಸ್ಮಾಯಿಲ್ ರೇಡಿಯೇಟರ್ ಕೆಲಸ ಮಾಡುತ್ತಿದ್ದ. ಅವನು ಬಂದು ಕೂತರೆ ಕೊಂಕಣಿ ಬಿಟ್ಟು ಕನ್ನಡ ಮಾತಾಡುತ್ತಿದ್ದೆವು.

ಅಣ್ಣನಿಗೆ ಒಂದು ಕ್ರಮ ಇತ್ತು. ಬೋಲ್ಟನ್ನು ಸರಿಯಾದ ಬಿಗಿಗೆ ತಿರುಗಿಸಿ, ರೆಂಚು ಟಕ್ ಎಂದ ಮೇಲೆ ಅದರ ತಲೆಯಿಂದ ಪಕ್ಕದ ಲೋಹದವರೆಗೆ ಹಳದಿ ಬಣ್ಣದ ಪೆನ್ನಿನಲ್ಲಿ ಒಂದು ಗೆರೆ ಎಳೆಯುತ್ತಿದ್ದ. ಬೋಲ್ಟು ಸಡಿಲವಾದರೆ ಗೆರೆ ಮುರಿದು ಕಾಣುತ್ತದೆ. ಅದು ಶಾಖಕ್ಕೆ ಹೋಗದ ಬಣ್ಣ. ಗೆರೆ ಇಲ್ಲದ ಬೋಲ್ಟು ಎಂದರೆ ಕೆಲಸ ಮುಗಿದಿಲ್ಲ ಎಂದೇ ಲೆಕ್ಕ. ಗೆರೆ ಎಳೆಯುವ ಕೈ ಅವನದೊಂದೇ. ನಾನು ಬಿಗಿ ಮಾಡಿದ್ದನ್ನೂ ಅವನು ಇನ್ನೊಮ್ಮೆ ನೋಡಿಯೇ ಗುರುತು ಹಾಕುತ್ತಿದ್ದ. ತಪ್ಪು ಕಂಡರೆ ಬಾಯಿ ತೆರೆಯುವ ಮೊದಲು ಸ್ಪ್ಯಾನರಿನಿಂದ ಲೋಹದ ಮೇಲೆ ಎರಡು ಸಲ ತಟ್ಟುತ್ತಿದ್ದ. ಗ್ಯಾರೇಜಿನ ಯಾವ ಮೂಲೆಯಲ್ಲಿದ್ದರೂ ಆ ಎರಡು ಪೆಟ್ಟು ಕೇಳಿದರೆ ಕೈಯಲ್ಲಿದ್ದದ್ದು ಬಿಟ್ಟು ಓಡಿ ಬರುತ್ತಿದ್ದೆ.

ಆ ವರ್ಷ ಅಬು ಫಹದ್ ತನ್ನ, ಚಕ್ರದ ಮೇಲಿನ ಮನೆಯಂಥ, ಹಳೆಯ ಅಮೆರಿಕನ್ ಮೋಟರ್‌ಹೋಮ್ ಎಳೆಸಿ ತಂದು ನಿಲ್ಲಿಸಿದ. ಚಳಿಗಾಲದಲ್ಲಿ ಮರುಭೂಮಿಯಲ್ಲಿ ಡೇರೆ ಹಾಕುವಾಗ ಅವನಿಗೆ ಅದು ಬೇಕು. ಇಂಜಿನ್ ಜಾಮ್ ಆಗಿತ್ತು. ಗುಜರಿಯಿಂದ ಬೇರೆ ಇಂಜಿನ್ ತಂದು, ಬಿಚ್ಚಿ ಸರಿಮಾಡಿ ಕೂರಿಸಿದೆವು. ಈ ಗಾಡಿಯ ಇಂಜಿನ್ ಮುಂದೆ ಬಾನೆಟ್ಟಿನಡಿ ಇರುವುದಿಲ್ಲ. ಒಳಗೆ, ಡ್ರೈವರ್ ಮತ್ತು ಪಕ್ಕದ ಸೀಟಿನ ನಡುವೆ, ಒಂದು ದಪ್ಪ ಮುಚ್ಚಳದ ಕೆಳಗೆ ಇರುತ್ತದೆ. ಓಡಿಸುವವನ ಮೊಣಕಾಲಿಗೆ ತಾಗಿಕೊಂಡೇ.

“ನಿನ್ನ ಅಣ್ಣ ಹೆಂಡತಿಯನ್ನು ಇಷ್ಟು ನೋಡಿಕೊಂಡದ್ದುಂಟಾ ಮಾರಾಯ? ಈ ಬಂಗ್ಲೆಯನ್ನು ನೋಡುವ ಹಾಗೆ?” ಎಂದು ಇಸ್ಮಾಯಿಲ್ ನಗುತ್ತಿದ್ದ.

ಕೊನೆಗೆ ಉಳಿದದ್ದು ಹೊಗೆ ಹೋಗುವ ಎರಡು ಕೊಳವೆ, ಇಂಜಿನಿನ ಬದಿಗೊಂದು. ಬಲಬದಿಯ ಆರು ಬೋಲ್ಟು ಅಣ್ಣ ಬಿಗಿ ಮಾಡಿ ಗುರುತು ಹಾಕಿದ. ಎಡಬದಿಯ ಆರು ನಾನು ಮಾಡಿದೆ. ಅವನಿಗೆ ಆ ಸಂಜೆ ಮೈ ಸರಿ ಇರಲಿಲ್ಲ, ಎದೆ ಉಜ್ಜಿಕೊಳ್ಳುತ್ತಿದ್ದ. ನಾನೇ ಗುರುತು ಹಾಕಲಾ ಎಂದು ಕೇಳಿದೆ.

“ನಿನ್ನ ಕೈಗೆ ಗುರುತು ಬೇರೆ ಒಂದು ಕೇಡು” ಎಂದ. “ನಾಳೆ ನಾನೇ ನೋಡಿ ಹಾಕುತ್ತೇನೆ. ಮುಟ್ಟಬೇಡ.”

ಅದು ಅವನು ನನಗೆ ಹೇಳಿದ ಕೊನೆಯ ಮಾತು. ಬೆಳಿಗ್ಗೆ ಹಾಸಿಗೆಯಲ್ಲಿ ತಣ್ಣಗಾಗಿದ್ದ.

ಅಲ್ಲಿ ಇರಲು ಬೇಕಾದ ನನ್ನ ಪರವಾನಗಿ, ಇಕಾಮಾ, ಆಗ ನವೀಕರಣಕ್ಕೆ ಹೋಗಿತ್ತು, ದೇಶ ಬಿಡುವಂತಿರಲಿಲ್ಲ. ಅಣ್ಣನ ಶವದ ಪೆಟ್ಟಿಗೆಯನ್ನು ಏರ್‌ಪೋರ್ಟಿನ ಕಾರ್ಗೋ ಬಾಗಿಲವರೆಗೆ ಬಿಟ್ಟು ಬಂದೆ. ಊರಿನಲ್ಲಿ ಮಣ್ಣು ಮಾಡಿದ್ದನ್ನು ಫೋನಿನಲ್ಲಿ ನೋಡಿದೆ. ನಡುವೆ ಎರಡು ಸಲ ನೆಟ್ ಹೋಯಿತು.

ಅಬು ಫಹದ್ ಬಂದು ಸಂತಾಪ ಹೇಳಿದ. ಆಮೇಲೆ ವಿಷಯಕ್ಕೆ ಬಂದ. ಶುಕ್ರವಾರ ಸಾಲ್ಮಿ ರಸ್ತೆಯ ಡೇರೆಗೆ ಗಾಡಿ ತಾ, ನೋಡುತ್ತೇನೆ, ಲಾರೆನ್ಸ್‌ನ ಕೆಲಸದ ಹಾಗಿದ್ದರೆ ಗ್ಯಾರೇಜ್ ನಿನಗೆ, ಇಲ್ಲದಿದ್ದರೆ ಮುಚ್ಚುತ್ತೇನೆ ಎಂದ. ಅಣ್ಣನ ಹಳದಿ ಗೆರೆ ಅವನಿಗೂ ಗೊತ್ತಿತ್ತು. ಯಾವ ಗಾಡಿ ತೆಗೆದುಕೊಂಡು ಹೋಗುವಾಗಲೂ ಮೊದಲು ಅದನ್ನೇ ನೋಡುತ್ತಿದ್ದ.

ಅಣ್ಣನ ಕೆಲಸದ ಅಂಗಿಯ ಜೇಬಿನಲ್ಲಿ ಪೆನ್ನು ಹಾಗೆಯೇ ಇತ್ತು. ಗುರುವಾರ ನಾನು ಎಡಬದಿಯ ಆರು ಬೋಲ್ಟಿಗೂ ಗೆರೆ ಎಳೆದೆ. ಅವನು ಎಳೆಯುವ ಹಾಗೆಯೇ, ಕೊನೆಯಲ್ಲಿ ಸ್ವಲ್ಪ ಕೆಳಗೆ ಬಾಗಿಸಿ. ಇಸ್ಮಾಯಿಲ್ ಇಣುಕಿ ನೋಡಿದ. “ಇದೆಲ್ಲ ಲಾರೆನ್ಸ್ ಹಾಕಿದ್ದಾ?” ಎಂದು ಕೇಳಿದ. ಹೌದು ಎಂದೆ.

ಶುಕ್ರವಾರ ಮಧ್ಯಾಹ್ನ ಹೊರಟೆ. ದಾರಿಯಲ್ಲಿ ಏನಾದರೂ ಆದರೆ ಎಂದು ಇಸ್ಮಾಯಿಲ್ ತನ್ನ ಪಿಕಪ್ಪಿನಲ್ಲಿ ಹಿಂದೆ ಬಂದ. ಜಹ್ರಾ ಪಟ್ಟಣ ದಾಟುವವರೆಗೆ ಇಂಜಿನ್ ಸೊಗಸಾಗಿ ಓಡಿತು. ಸಾಲ್ಮಿ ರಸ್ತೆಗೆ ಬಿದ್ದು ಸ್ವಲ್ಪ ದೂರ ಹೋಗಿರಬೇಕು, ಮುಚ್ಚಳದ ಒಳಗಿನಿಂದ ಎರಡು ಪೆಟ್ಟು ಕೇಳಿತು. ಇಂಜಿನ್ ಬಡಿತ ಅಲ್ಲ. ಅದಾದರೆ ವೇಗದ ಜೊತೆ ಹೆಚ್ಚು ಕಡಿಮೆ ಆಗುತ್ತದೆ. ಇದು ಲೋಹದ ಮೇಲೆ ಲೋಹ, ಎರಡೇ ಸಲ. ಸ್ಟೀರಿಂಗನ್ನೂ ಬಿಟ್ಟುಬಿಡುವುದರಲ್ಲಿದ್ದೆ. ಹಿಂದೆಯೇ ಇಂಜಿನ್ ನಿಂತಿತು.

ಬದಿಗೆ ತಂದು ಮುಚ್ಚಳ ಎತ್ತಿದೆ. ಪೆಟ್ರೋಲ್ ಇತ್ತು, ಗಾಳಿ ಇತ್ತು, ಕಿಡಿ ಇತ್ತು. ಆದರೆ ಎಡಬದಿಯ ಮೊದಲ ಬೋಲ್ಟಿನ ಗೆರೆ ಇರಲಿಲ್ಲ. ಸುಟ್ಟು ಕಪ್ಪಾಗಿರಲಿಲ್ಲ, ಸಿಪ್ಪೆ ಎದ್ದಿರಲಿಲ್ಲ. ಉಗುರಿನಿಂದ ಕೆರೆದು ಒರೆಸಿದ ಹಾಗೆ ಬರೀ ಲೋಹ. ಎಳೆಯುವಾಗ ನಾನೇ ಒಂದು ಬಿಟ್ಟಿರಬೇಕು ಎಂದುಕೊಂಡೆ. ಕೀಲಿ ತಿರುಗಿಸಿದೆ, ಒಂದೇ ಸಲಕ್ಕೆ ಹತ್ತಿತು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಎರಡನೆಯ ಸಲ ಪೆಟ್ಟು ಇನ್ನೂ ಜೋರಾಗಿ ಕೇಳಿತು, ಇಂಜಿನ್ ಮತ್ತೆ ನಿಂತಿತು, ಬದಿಗೆ ತಂದೆ. ಮುಚ್ಚಳ ಕಾದು ಪ್ಯಾಂಟಿನ ಮೇಲಿಂದಲೇ ಮೊಣಕಾಲು ಸುಟ್ಟಿತು. ಶಾಖದ ಮುಳ್ಳು ಮಾತ್ರ ಇರಬೇಕಾದಲ್ಲಿಯೇ ಇತ್ತು. ಗಾಡಿಯೊಳಗೆ ಉಸಿರು ಕಟ್ಟಿತು. ಕಿಟಕಿ ಇಳಿಸಲು ಹೋದರೆ ಇಳಿಯಲಿಲ್ಲ. ಬಾಗಿಲಿಗೆ ಭುಜ ಕೊಟ್ಟು ತಳ್ಳಿ ಹೊರಗೆ ಬಿದ್ದೆ. ಆ ಗಾಡಿಯಲ್ಲಿ ನನಗೆ ಜಾಗ ಇಲ್ಲ ಎಂದು ಆಗ ಅನಿಸಿತು. ಅನಿಸಿದ್ದನ್ನು ಮಾತ್ರ ಬರೆಯುತ್ತಿದ್ದೇನೆ.

ಇಸ್ಮಾಯಿಲ್ ಇಳಿದು ಬಂದು ಪಕ್ಕದ ಬಾಗಿಲಿನಿಂದ ಹತ್ತಿ ಮುಚ್ಚಳ ಎತ್ತಿದ. ನಾನು ಅವನ ಬೆನ್ನ ಹಿಂದೆ ನಿಂತು ನೋಡಿದೆ. ಎಡಬದಿಯಲ್ಲಿ ಒಂದು ಗೆರೆಯೂ ಇರಲಿಲ್ಲ. ಬಲಬದಿಯ ಆರೂ ಹೊಸದಾಗಿ ಎಳೆದಂತೆ ಹೊಳೆಯುತ್ತಿದ್ದವು.

“ಇದೆಂತ ಮಾರಾಯ? ನಿನ್ನೆ ಇತ್ತಲ್ಲ?”

“ಶಾಖಕ್ಕೆ ಹೋಗಿರಬೇಕು.”

“ಶಾಖ ಒಂದೇ ಬದಿಗೆ ಉಂಟಾ? ನಿಜ ಹೇಳು, ಇದನ್ನು ಹಾಕಿದ್ದು ಯಾರು?”

ನಾನು ಗಡಿಯಾರ ನೋಡಿದೆ. ಡೇರೆ ಇನ್ನು ಹತ್ತು ನಿಮಿಷದ ದಾರಿ. ಗೆರೆ ಇಲ್ಲದಿದ್ದರೆ ಗ್ಯಾರೇಜ್ ಹೋಗುತ್ತದೆ. ಜೇಬಿನಿಂದ ಪೆನ್ನು ತೆಗೆದು ಒಳಗೆ ಕೈ ಚಾಚಿದೆ. ಮುಚ್ಚಳವನ್ನು ಇಸ್ಮಾಯಿಲ್ ಒಂದು ಮರದ ತುಂಡು ಕೊಟ್ಟು ನಿಲ್ಲಿಸಿದ್ದ. ಆ ತುಂಡು ಜಾರಿತು. ಮುಚ್ಚಳ ನನ್ನ ಮುಂಗೈ ಮೇಲೆ ಬಿತ್ತು. ಲಾರಿಯೊಂದು ಹಾದುಹೋದ ಗಾಳಿಗೆ ಗಾಡಿ ಅಲುಗಿತು ಎಂದು ಈಗ ಹೇಳಬಹುದು. ಲಾರಿ ಹೋದ ನೆನಪು ನನಗಿಲ್ಲ. ಕೈ ಬಿಡಿಸಿಕೊಂಡಾಗ ಚರ್ಮ ಎದ್ದಿತ್ತು. ಆ ಕಲೆ ಈಗಲೂ ಇದೆ.

ಇಸ್ಮಾಯಿಲ್ ಕರವಸ್ತ್ರ ಕಟ್ಟಿದ. “ನೀನು ಇನ್ನು ಅದನ್ನು ಮುಟ್ಟಬೇಡ” ಎಂದ. ಅಣ್ಣನ ಮಾತೇ ಅವನ ಬಾಯಲ್ಲಿ ಬಂದದ್ದು ಅವನಿಗೆ ಗೊತ್ತಿರಲಿಲ್ಲ. ಉಳಿದ ದಾರಿ ಅವನೇ ಓಡಿಸಿದ. ನಾನು ಪಿಕಪ್ಪಿನಲ್ಲಿ ಹಿಂದೆ ಹೋದೆ. ಗಾಡಿ ಒಂದು ಸಲವೂ ನಿಲ್ಲಲಿಲ್ಲ. ಏನಾದರೂ ಕೇಳಿತೇ ಎಂದು ಆಮೇಲೆ ಕೇಳಿದೆ. ಇಂಜಿನ್ ಸದ್ದು ಬಿಟ್ಟು ಏನೂ ಇಲ್ಲ ಎಂದ. ಕಿಟಕಿಯನ್ನು ಅರ್ಧ ಇಳಿಸಿಯೇ ಬಂದಿದ್ದ.

ಅಬು ಫಹದ್ ಡೇರೆಯಿಂದ ಹೊರಬಂದು ಮುಚ್ಚಳ ಎತ್ತಿಸಿದ. ಬಲಬದಿ ನೋಡಿದ, ಎಡಬದಿ ನೋಡಿದ.

“ಯೇ ಲಾರೆನ್ಸ್. ಯೇ ಕೌನ್?” ಇದು ಲಾರೆನ್ಸ್‌ನದು, ಇದು ಯಾರದು ಎಂದು ಕೇಳಿದ.

“ನಾನು” ಎಂದೆ.

ಅವನು ಬಯ್ಯಲಿಲ್ಲ. “ಲಾರೆನ್ಸ್ ಮಾಫಿ, ಗರಾಜ್ ಖಲಾಸ್” ಎಂದು ಕೈ ಕೊಡವಿ ಒಳಗೆ ಹೋದ. ಲಾರೆನ್ಸ್ ಇಲ್ಲ, ಗ್ಯಾರೇಜೂ ಇಲ್ಲ.

ಇಂಜಿನ್ ತಣಿಯುವವರೆಗೆ ನಾವಿಬ್ಬರು ಮರಳಿನ ಮೇಲೆ ಕೂತೆವು. ಆಮೇಲೆ ಇಸ್ಮಾಯಿಲ್ ಅಣ್ಣನ ರೆಂಚನ್ನೇ ತೆಗೆದುಕೊಂಡು ಹೋಗಿ ಎಡಬದಿಯ ಆರು ಬೋಲ್ಟನ್ನೂ ಪರೀಕ್ಷಿಸಿದ. ಟಕ್, ಟಕ್ ಎಂದು ಆರು ಸಲ ಕೇಳಿತು. ಒಂದೂ ಕೂದಲೆಳೆಯಷ್ಟು ತಿರುಗಲಿಲ್ಲ. ನನ್ನ ಕೆಲಸದಲ್ಲಿ ತಪ್ಪಿರಲಿಲ್ಲ. ಆ ಗಾಡಿ ಇಂದಿಗೂ ಪ್ರತಿ ಚಳಿಗಾಲ ಸಾಲ್ಮಿ ರಸ್ತೆಯಲ್ಲಿ ಓಡುತ್ತದೆ, ಆ ಬೋಲ್ಟುಗಳನ್ನು ಯಾರೂ ಮುಟ್ಟಿಲ್ಲ ಎಂದು ಕೇಳಿದ್ದೇನೆ.

ನಾನು ಈಗ ಕುವೈತಿನಲ್ಲೇ ಬೇರೆಯವರ ಟೈರ್ ಅಂಗಡಿಯಲ್ಲಿದ್ದೇನೆ. ಬಣ್ಣ ಕೆಟ್ಟದ್ದಿರಬಹುದು ಎಂದು ಒಂದು ದಿನ ಇಸ್ಮಾಯಿಲ್‌ಗೆ ಹೇಳಿದೆ. ಸರಿ, ನೋಡುವ ಎಂದ. ಅವನ ಪಿಕಪ್ಪಿನ ಇಂಜಿನಿನಲ್ಲಿ ಅಕ್ಕಪಕ್ಕದ ಎರಡು ಬೋಲ್ಟಿಗೆ ಅದೇ ಪೆನ್ನಿನಿಂದ ಗೆರೆ ಎಳೆದೆವು. ಒಂದು ಅವನು, ಒಂದು ನಾನು. ನಾನು ಎಳೆದ ಗೆರೆ ತನ್ನಷ್ಟಕ್ಕೆ ಕೊನೆಯಲ್ಲಿ ಕೆಳಗೆ ಬಾಗಿತು, ಅಣ್ಣನದರ ಹಾಗೆ.

ಅದಾಗಿ ಎರಡು ಬೇಸಿಗೆ ಕಳೆದಿದೆ. ಮೊನ್ನೆ ಚಹಾ ಕುಡಿಯುವಾಗ, ನಾನು ಕೇಳದೆಯೇ, ಇಸ್ಮಾಯಿಲ್ “ನಾನು ಹಾಕಿದ ಗೆರೆ ಉಂಟು ಮಾರಾಯ, ಹಾಗೆಯೇ ಉಂಟು” ಎಂದ. ನನ್ನದರ ಬಗ್ಗೆ ಅವನು ಹೇಳಲಿಲ್ಲ. ಪಿಕಪ್ ಎದುರಿಗೇ ನಿಂತಿತ್ತು. ನಾನು ಎದ್ದು ಹೋಗಿ ನೋಡಲಿಲ್ಲ.