ಗಣತಿಯಲ್ಲಿ ಆಂಟಿಯ ಸಾಲು

ನಾನು ಭದ್ರಾವತಿಯ ಕಾನ್ವೆಂಟಿನಲ್ಲಿ ಏಳನೇ ಕ್ಲಾಸಿನಲ್ಲಿದ್ದಾಗ ಜನಗಣತಿ ಬಂತು. ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಿದ್ದ ಅಮ್ಮನ ಪಾಲಿಗೆ ನ್ಯೂ ಟೌನಿನ ನಮ್ಮದೇ ಬೀದಿಯ ಕ್ವಾರ್ಟರ್ಸುಗಳು ಬಂದಿದ್ದವು. ದೊಡ್ಡ ದೊಡ್ಡ ಫಾರಂಗಳು. ಮಡಚುವಂತಿಲ್ಲ, ಒದ್ದೆ ಮಾಡುವಂತಿಲ್ಲ, ಬರೆದು ಹೊಡೆದುಹಾಕುವಂತಿಲ್ಲ. ಅದಕ್ಕೆ ಅಮ್ಮ ತನ್ನದೇ ಒಂದು ಉಪಾಯ ಮಾಡಿಕೊಂಡಿದ್ದಳು. ಮನೆಗಳಿಗೆ ಹೋದಾಗ ನನ್ನ ಹಳೇ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿಕೊಂಡು ಬರುವುದು, ಸಂಜೆ ಕಾರ್ಖಾನೆಯ ಸೈರನ್ ಕೂಗಿ, ಸೈಕಲ್ಲುಗಳೆಲ್ಲ ಗೇಟಿನಿಂದ ಹೊರಬಿದ್ದು, ಅಪ್ಪನ ಕಾಫಿ ಮುಗಿದ ಮೇಲೆ, ಊಟದ ಮೇಜಿನ ಮೇಲೆ ಫಾರಂಗಳನ್ನು ಹರಡಿ ತುಂಬುವುದು. ನಾನು ಓದಿ ಹೇಳಬೇಕು, ಅವಳು ಬರೆಯಬೇಕು.

ಆ ನೋಟ್‌ಬುಕ್ಕಿನಲ್ಲಿ ಧರ್ಮದ ಕಾಲಂ ಬಲು ಸುಲಭ. ಯಜಮಾನರ ಹೆಸರಿನ ಮುಂದೆ ಒಂದು ಸಲ ಬರೆದರೆ, ಕೆಳಗೆ ಉಳಿದವರಿಗೆಲ್ಲ ಎರಡೆರಡು ಪುಟ್ಟ ಗೀಟು. ಮೇಲಿನಂತೆಯೇ ಅಂತ ಅರ್ಥ. ಒಂದೇ ಮನೆಯವರು ತಾನೇ, ಅದರಲ್ಲಿ ಕೇಳುವುದೇನಿದೆ ಎಂದು ಅಮ್ಮ ಅಂದುಕೊಂಡಿದ್ದಳು.

ಪಕ್ಕದ ಮನೆ ಆಂಟಿ ತಮಿಳಿನವರು. ಅಂಕಲ್ ಕಾರ್ಖಾನೆಯಲ್ಲಿ ಫಿಟ್ಟರ್. ಅವರಿಗೊಬ್ಬ ಪುಟ್ಟ ಮಗ. ಇಬ್ಬರೂ ಇಷ್ಟಪಟ್ಟು ಮದುವೆಯಾದವರು ಅಂತ ಬೀದಿಗೆಲ್ಲ ಗೊತ್ತಿತ್ತು, ಅದಕ್ಕಿಂತ ಹೆಚ್ಚು ಯಾರಿಗೂ ಗೊತ್ತಿರಲಿಲ್ಲ. ಅಮ್ಮನ ಚೀಲ ಹೊತ್ತು ನಾನೂ ಅವರ ಮನೆಗೆ ಹೋಗಿದ್ದೆ. ಅಂಕಲ್ಲಿನ ತಾಯಿಯನ್ನು ನಾವೆಲ್ಲ, ತಮಿಳಿನಲ್ಲಿ ಅಜ್ಜಿಗೆ ಹೇಳುವ ಹಾಗೆ, ಪಾಟಿ ಅನ್ನುತ್ತಿದ್ದೆವು. ಅವರು ಮುಂದಿನ ರೂಮಿನ ಮಂಚದ ಮೇಲೆ ಕೂತು, ತೀರಿಕೊಂಡಿದ್ದ ತಮ್ಮ ಯಜಮಾನರ ಹೆಸರನ್ನೂ ಬರೆಯಲೇಬೇಕು ಅಂತ ಹಟ ಹಿಡಿದರು. ಹೋದ ಸಲ ಬರೆದಿದ್ದಿರಲ್ಲ, ಈ ಸಲ ಬಿಟ್ಟರೆ ಅವರಿಗೆ ಅವಮಾನವಲ್ಲವೇ ಅಂತ ಅವರ ವಾದ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಆಂಟಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಆಮೇಲೆ ಅಮ್ಮ ಧರ್ಮ ಕೇಳಿದಳು, ಅಂಕಲ್ ಹಿಂದೂ ಅಂದರು. ಆಂಟಿ ಒಳಗೆ ಹೋಗಿಬಿಟ್ಟರು. ಒಲೆಯ ಮೇಲೆ ಏನೂ ಇರಲಿಲ್ಲ, ನಾನು ನೋಡಿದ್ದೆ.

ಸಂಜೆ ಅವರ ಮನೆಯ ಹಾಳೆ ಬಂದಾಗ ನಾನು ಓದುವುದನ್ನು ನಿಲ್ಲಿಸಿದೆ.

ಪರೀಕ್ಷೆಯ ದಿನಗಳಲ್ಲಿ ನಾವು ಹುಡುಗಿಯರೆಲ್ಲ, ಹಣೆಗೆ ಕುಂಕುಮ ಇಟ್ಟುಕೊಂಡೇ, ಶಾಲೆಯ ಪಕ್ಕದ ಚರ್ಚಿನಲ್ಲಿ ಮೊಣಕಾಲೂರಿ ಬರುತ್ತಿದ್ದೆವು. ಗಣಿತವಿದ್ದರೆ ಎರಡು ಸಲ. ಹಿಂದಿನ ವರ್ಷ ಅಂಥ ಒಂದು ಬೆಳಿಗ್ಗೆ ಕೊನೆಯ ಬೆಂಚಿನಲ್ಲಿ ಆಂಟಿಯನ್ನು ಕಂಡಿದ್ದೆ. ತಲೆಯ ಮೇಲೆ ಸೆರಗು, ಹಣೆ ಬರಿದು. ನಮ್ಮ ಹಾಗೆ ಪಾಸು ಮಾಡಿಸು ಅಂತ ಕೇಳುವವರ ಮುಖ ಅಲ್ಲ ಅದು, ತಮ್ಮ ಮನೆಯಲ್ಲಿ ಕೂತವರ ಮುಖ. ಹೊರಗೆ ಬಂದು ಪರ್ಸಿನಿಂದ ಬಿಂದಿ ತೆಗೆದು ಅಂಟಿಸಿಕೊಂಡರು. ನನ್ನ ಬಿಚ್ಚಿದ ರಿಬ್ಬನ್ ಕಟ್ಟಿ, ಪಾಟಿಗೆ ಹೇಳಬೇಡ ಅಂದರು. ನಾನು ಯಾರಿಗೂ ಹೇಳಿರಲಿಲ್ಲ.

ಈಗ ಅಮ್ಮನಿಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಪೆನ್ನಿನ ಕ್ಯಾಪ್ ಹಾಕಿ, ಕೊಟ್ಟಿದ್ದ ಸೂಚನೆಯ ಪುಸ್ತಕ ತೆರೆದು ಬೆರಳಿಟ್ಟು ಓದಿದಳು. ಯಜಮಾನರದೇ ಎಲ್ಲರದೂ ಅಂತ ಊಹಿಸಬಾರದು, ಒಬ್ಬೊಬ್ಬರದೂ ಕೇಳಬೇಕು ಅಂತಿತ್ತು. "ನಾನು ಅವರನ್ನ ಕೇಳಲೇ ಇಲ್ವಲ್ಲೇ" ಅಂದಳು. ಆ ಸಂಜೆ ಅವರ ಮನೆಯ ಫಾರಂ ಖಾಲಿ ಉಳಿಯಿತು.

ಮರುದಿನ ಹೆಪ್ಪಿಗೆ ಮಜ್ಜಿಗೆ ಬೇಕು ಅಂತ ನನ್ನ ಕೈಲಿ ಹೇಳಿ ಕಳಿಸಿದಳು. ನಮ್ಮ ಮನೆಯಲ್ಲಿ ಮಜ್ಜಿಗೆ ಧಾರಾಳವಾಗಿತ್ತು. ಆಂಟಿ ಲೋಟ ಹಿಡಿದು ಬಂದರು. ಅವರೆಕಾಳಿನ ಕಾಲ, ಅಡುಗೆಮನೆಯ ನೆಲದ ಮೇಲೆ ಕೂತು ಮೂವರೂ ಹಿಸುಕುತ್ತಾ ಇದ್ದೆವು. ಧರ್ಮದ ಕಾಲಂನಲ್ಲಿ ನಿಮ್ಮದು ಏನಂತ ಬರೆಯಲಿ ಅಂತ ಅಮ್ಮ ತಲೆ ಎತ್ತದೆ ಕೇಳಿದಳು. ಆಂಟಿ ಕಾಳು ಹಿಸುಕುತ್ತಲೇ ಸಣ್ಣ ದನಿಯಲ್ಲಿ ಹೇಳಿದರು: ಚರ್ಚು ಬಿಡುತ್ತೇನೆ ಅಂತ ಮಾತು ಕೊಟ್ಟ ಮೇಲೇ ಪಾಟಿ ಮದುವೆಗೆ ಒಪ್ಪಿದ್ದು. ಗೊತ್ತಾದರೆ ಪಾಟಿ ಆ ಮನೆಯಲ್ಲಿ ನೀರು ಕೂಡ ಮುಟ್ಟುವುದಿಲ್ಲ, ಮಗನನ್ನು ಕರೆದುಕೊಂಡು ಹೊರಟುಬಿಡುತ್ತಾರೆ. ಅಂಕಲ್ಲಿಗೆ ಗೊತ್ತು, ಗೊತ್ತಿಲ್ಲದವರ ಹಾಗೆ ಇರುತ್ತಾರೆ.

"ಇದನ್ನ ಯಾರು ನೋಡ್ತಾರೆ ಟೀಚರ್?"

"ಯಾರೂ ನೋಡೋ ಹಾಗಿಲ್ಲ. ಕೋರ್ಟು ಕೇಳಿದ್ರೂ ಕೊಡೋಲ್ಲ. ಬರೀ ಲೆಕ್ಕಕ್ಕೆ."

"ನಮ್ಮ ಅತ್ತೆ?"

"ನಿಮ್ಮ ಅತ್ತೆಗೆ ಅವರ ಯಜಮಾನ್ರದೇ ಚಿಂತೆ ಮಾರಾಯ್ತಿ."

ಆಂಟಿ ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು. "ಹಾಗಾದ್ರೆ ಬರೀರಿ" ಅಂದರು. ನಿಮ್ಮ ಮಗನದು ಅಂತ ಅಮ್ಮ ಕೇಳಿದಳು. ಅವನು ಅವರಪ್ಪನ ಹಾಗೇ ಇರಲಿ, ನನ್ನದೊಂದು ಸಾಕು ಅಂದರು. ಅಮ್ಮ ಕೈ ತೊಳೆದು ಫಾರಂ ತಂದಳು. ಆಂಟಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಬರೆದಾದ ಮೇಲೆ ತಮ್ಮ ಸಾಲು ಯಾವುದು ಅಂತ ತೋರಿಸಿಕೊಂಡು, ನನಗೆ ಓದು ಅಂದರು. ಹೆಸರು, ವಯಸ್ಸು, ಕ್ರಿಶ್ಚಿಯನ್ ಅಂತ ಓದಿದೆ. ಇನ್ನೊಂದು ಸಲ ಓದಿಸಿದರು. ಆಮೇಲೆ ಲೋಟ ಮರೆತು ಹೋದರು.

ಅಮ್ಮ ಈಗಿಲ್ಲ. ನಾನು ಮದುವೆಯಾಗಿ ಬಂದು ಶಿವಮೊಗ್ಗದ ನವುಲೆ ಕಡೆ ಇದ್ದೇನೆ. ನಡುವೆ ಬಂದ ಗಣತಿಗಳಲ್ಲಿ ಆಂಟಿಯನ್ನು ಏನೆಂದು ಬರೆದರೋ ನನಗೆ ಗೊತ್ತಿಲ್ಲ. ಇದನ್ನು ಬರೆಯುವ ಮೊದಲು ಅವರನ್ನು ಕೇಳಿದ್ದೇನೆ, ಹೆಸರೊಂದು ಬೇಡ ಅಂದಿದ್ದಾರೆ.

ಈಗ ಮತ್ತೆ ಗಣತಿಯ ಮಾತು ಎದ್ದಿದೆ. ಊಟಕ್ಕೆ ಕೂತಾಗ ನಮ್ಮ ಮನೆಯವರು, ರಸ್ತೆ ನೀರು ಶಾಲೆಗೆ ಜನ ಎಣಿಸುವುದು ಸರಿ, ಅದಕ್ಕೆ ಧರ್ಮ ಯಾಕೆ ಅಂದರು. ಆ ಸಂಖ್ಯೆ ಬಂದ ದಿನ ಟಿವಿಯಲ್ಲಿ ಕಚ್ಚಾಡುತ್ತಾರೆ ಅಷ್ಟೇ ಅಂತ. ಮಗಳು, ಕೇಳದೇ ಇದ್ದರೆ ಕಡಿಮೆ ಇರುವವರು ಇದ್ದಾರೆ ಅಂತಲೇ ಗೊತ್ತಾಗುವುದಿಲ್ಲ ಅಪ್ಪ ಅಂದಳು. ನಾನು ಪಲ್ಯ ಬಡಿಸುತ್ತಿದ್ದೆ. ಟಿವಿಯ ಮಾತು ನಿಜ, ನನಗೂ ಹೆದರಿಕೆಯಾಗುತ್ತದೆ. ಆದರೆ ಅಡುಗೆಮನೆಯ ನೆಲದ ಮೇಲೆ ಕೂತು ತನ್ನದೊಂದು ಸಾಲನ್ನು ಎರಡೆರಡು ಸಲ ಓದಿಸಿಕೊಂಡ ಹೆಂಗಸನ್ನು ಕಂಡ ಮೇಲೆ ಆ ಕಾಲಂ ತೆಗೆದುಬಿಡಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಹೋದ ವಾರ ಭದ್ರಾವತಿಗೆ ಹೋಗಿ ಆಂಟಿಯನ್ನು ನೋಡಿ ಬಂದೆ. ಪಾಟಿಯೂ ಅಂಕಲ್ಲೂ ತೀರಿಹೋಗಿ ಎಷ್ಟೋ ವರ್ಷವಾಯಿತು. ಕ್ವಾರ್ಟರ್ಸ್ ಬಿಟ್ಟು ಮಗ ಕಟ್ಟಿಸಿದ ಮನೆಯಲ್ಲಿದ್ದಾರೆ. ತನ್ನ ಅಮ್ಮ ಎಲ್ಲ ದೇವರಿಗೂ ಕೈಮುಗಿಯುತ್ತಾರೆ ಅಂತ ಮಗ ತಿಳಿದಿದ್ದಾನೆ, ಚರ್ಚಿಗೆ ಸ್ಕೂಟರಿನಲ್ಲಿ ಬಿಟ್ಟೂ ಬರುತ್ತಾನೆ. ಹೆದರಬೇಕಾದವರು ಯಾರೂ ಉಳಿದಿಲ್ಲ, ಹೇಳದೇ ಇರುವ ಅಭ್ಯಾಸ ಮಾತ್ರ ಉಳಿದಿದೆ.

ಗಣತಿಯ ಮಾತು ಬಂತು. ಈ ಸಲ ಯಾರಿಗೂ ಕಾಯಬೇಕಾಗಿಲ್ಲ ಅಕ್ಕ, ಮೊಬೈಲಿನಲ್ಲೇ ತುಂಬಬಹುದಂತೆ, ಮನೆಯವರದೆಲ್ಲ ನಾನೇ ಐದು ನಿಮಿಷದಲ್ಲಿ ಮುಗಿಸಿಬಿಡುತ್ತೇನೆ ಅಂದ ಮಗ. ಆಂಟಿ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಿದರು. ಕೈಲಿದ್ದ ಎಸಳನ್ನು ತಿರುಗಿಸಿ ತಿರುಗಿಸಿ ನೋಡಿದರು. ನನ್ನ ಕಡೆ ನೋಡಲಿಲ್ಲ. ಚರ್ಚಿನ ಮಾತು ನಾನು ಹೇಳುವಂಥದ್ದಲ್ಲ.

ಮಗ ಹೆಲ್ಮೆಟ್ ಹಿಡಿದು ಬಾಗಿಲ ತನಕ ಹೋಗಿದ್ದ.

"ಲೇ, ನಿಲ್ಲು" ಅಂದರು ಆಂಟಿ. "ನನ್ನ ಸಾಲು ಬಂದಾಗ ನನ್ನ ಕೇಳಿ ಬರಿ."

"ನಿನ್ನ ಹೆಸರು, ವಯಸ್ಸು ನನಗೆ ಗೊತ್ತಿಲ್ವಾಮ್ಮ? ಅದರಲ್ಲಿ ಕೇಳೋದೇನಿದೆ?"

"ಇದೆ. ಕೂತ್ಕೋ, ಈಗಲೇ ಹೇಳ್ತೀನಿ."

ಅವನು ನನ್ನ ಮುಖ ನೋಡಿದ. ಆಮೇಲೆ ಹೆಲ್ಮೆಟ್ಟನ್ನು ಕುರ್ಚಿಯ ಮೇಲಿಟ್ಟು, ಅಮ್ಮನ ಎದುರು ಕೂತ.